ಚಾಳೀಸು ಬಂತಾ? ಕೈ ಉದ್ದ ಮಾಡ್ಬೇಡಿ, ಕನ್ನಡಕ ಹಾಕಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ರಾಜಾನುಕುಂಟೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆಯನ್ನ ಒಂದು ಪದದಿಂದ ಶುರು ಮಾಡೋಣ. ಚಾಳೀಸು.

"ಅವರಿಗೆ ಚಾಳೀಸು ಬಂದಿದೆ" ಅಂತೀವಲ್ಲ, ಅದೇ. ಹಿಂದಿ, ಮರಾಠಿ ಕಡೆಯಿಂದ ಬಂದ ಪದ, ಅರ್ಥ ನಲವತ್ತು. ವಯಸ್ಸಿನ ನಂಬರೇ ತೊಂದರೆಯ ಹೆಸರೂ ಆಯ್ತು, ಕನ್ನಡಕದ ಹೆಸರೂ ಆಯ್ತು. ಡಾಕ್ಟರ್ ಭಾಷೆಯಲ್ಲಿ ಪ್ರೆಸ್‌ಬಯೋಪಿಯಾ. ಮಾತ್ರೆ ಸ್ಟ್ರಿಪ್ ಮೇಲಿನ ಎಕ್ಸ್‌ಪೈರಿ ಡೇಟ್ ಕಾಣಲ್ಲ, ಮೊಬೈಲ್‌ಗೆ ಬಂದ ಓಟಿಪಿಯಲ್ಲಿ 3 ಯಾವುದು 8 ಯಾವುದು ಗೊತ್ತಾಗಲ್ಲ, ಸೂಜಿಗೆ ದಾರ ಹೋಗಲ್ಲ. ಆದ್ರೆ ದೂರದ ಬಸ್ ಬೋರ್ಡ್ ಸ್ಪಷ್ಟವಾಗಿ ಕಾಣುತ್ತೆ. ಹಾಗಾಗಿ ಜನ "ನನ್ನ ಕಣ್ಣು ಚೆನ್ನಾಗೇ ಇದೆ" ಅಂತ ಕಾಗದವನ್ನ ಇನ್ನೊಂದು ಚೂರು ದೂರ ಹಿಡೀತಾರೆ.

ಇದು ಯಾಕಾಗುತ್ತೆ ಅಂತ ನೋಡೋಣ. ಕಣ್ಣಿಗೆ ಬಂದ ಬೆಳಕನ್ನ ಬಗ್ಗಿಸೋ ಕೆಲಸದಲ್ಲಿ ಸುಮಾರು ಮೂರನೇ ಎರಡು ಭಾಗ ಮಾಡೋದು ಮುಂದಿರೋ ಪಾರದರ್ಶಕ ಪದರ, ಕಾರ್ನಿಯಾ. ಅದರ ಆಕಾರ ಬದಲಾಗಲ್ಲ. ದೂರ-ಹತ್ತಿರಕ್ಕೆ ಹೊಂದಿಸಿಕೊಳ್ಳೋದು ಅದರ ಹಿಂದಿರೋ ಲೆನ್ಸ್. ಲೆನ್ಸ್ ಸುತ್ತ ಬಳೆ ಥರ ಒಂದು ಸ್ನಾಯು ಇದೆ. ಬಳೆಯಿಂದ ಲೆನ್ಸಿಗೆ ಸಣ್ಣ ಸಣ್ಣ ಎಳೆ ಕಟ್ಟಿರುತ್ತೆ. ದೂರ ನೋಡುವಾಗ ಎಳೆಗಳು ಬಿಗಿಯಾಗಿ ಲೆನ್ಸನ್ನ ಚಪ್ಪಟೆ ಮಾಡಿರುತ್ತವೆ. ಹತ್ತಿರ ನೋಡಬೇಕು ಅಂದಾಗ ಬಳೆ ಕಿರಿದಾಗುತ್ತೆ, ಎಳೆಗಳು ಸಡಿಲ ಆಗುತ್ತವೆ, ಲೆನ್ಸ್ ತನ್ನಷ್ಟಕ್ಕೆ ಉಬ್ಬುತ್ತೆ. ಗಮನಿಸಿ, ಲೆನ್ಸನ್ನ ಯಾರೂ ಒತ್ತಿ ಉಬ್ಬಿಸಲ್ಲ. ಅದು ಮೆತ್ತಗಿದ್ರೆ ಮಾತ್ರ ಉಬ್ಬುತ್ತೆ.

ಇದನ್ನ ಪತ್ತೆ ಹಚ್ಚಿದ ಕತೆ ಚೆನ್ನಾಗಿದೆ. 1801ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ತನ್ನ ಕಣ್ಣನ್ನೇ ನೀರಿಗೆ ಒಡ್ಡಿ ಪರೀಕ್ಷೆ ಮಾಡಿದ. ನೀರು ತಾಗಿದ್ರೆ ಕಾರ್ನಿಯಾದ ಶಕ್ತಿ ಹೆಚ್ಚುಕಡಿಮೆ ಇಲ್ಲವಾಗುತ್ತೆ. ಆದ್ರೂ ಹೊಂದಿಸಿಕೊಳ್ಳೋ ಶಕ್ತಿ ಹಾಗೇ ಉಳೀತು. ಅಂದ್ರೆ ಆ ಕೆಲಸ ಒಳಗಿನ ಲೆನ್ಸಿನದೇ.

ಈಗ ಸಮಸ್ಯೆ ಎಲ್ಲಿ? ಚರ್ಮ ಹಳೇ ಪದರವನ್ನ ಉದುರಿಸುತ್ತೆ. ಲೆನ್ಸಿಗೆ ಆ ಸೌಲಭ್ಯ ಇಲ್ಲ. ಹೊಸ ಪದರ ಹೊರಗಡೆ ಸೇರ್ತಾ ಹೋಗುತ್ತೆ, ಹಳೇದು ಒಳಗೇ ಉಳಿಯುತ್ತೆ. ನಿಮ್ಮ ಲೆನ್ಸಿನ ನಟ್ಟನಡುವಿನ ಭಾಗ ನೀವು ಹುಟ್ಟೋಕೆ ಮುಂಚೆಯೇ ತಯಾರಾಗಿದ್ದು. ವರ್ಷ ಕಳೆದಂತೆ ಅದು ಗಟ್ಟಿ ಆಗುತ್ತೆ. ಬಳೆ ಕಿರಿದಾದ್ರೂ ಲೆನ್ಸ್ ಮೊದಲಿನಷ್ಟು ಉಬ್ಬಲ್ಲ.

ನಾನು ಬಿಕಾಂ ಓದಿದವನು, ಹಾಗಾಗಿ ಇದನ್ನ ಲೆಕ್ಕದ ಪುಸ್ತಕದ ಥರ ಬರೆದುಕೊಂಡೆ. ಫೋಕಸ್ ಶಕ್ತಿಯ ಅಳತೆ ಡಯಾಪ್ಟರ್. 10 ವರ್ಷದ ಮಗುವಿನ ಖಾತೆಯಲ್ಲಿ 12ಕ್ಕಿಂತ ಹೆಚ್ಚು ಇರುತ್ತೆ. 45ಕ್ಕೆ 3ರಿಂದ 4. 60ಕ್ಕೆ 1ರ ಆಸುಪಾಸು. ಖರ್ಚು ಎಷ್ಟು? 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದೋಕೆ ಎರಡೂವರೆ ಬೇಕು. "45ಕ್ಕೆ 3 ಇದೆಯಲ್ಲ, ಸಾಕಲ್ವಾ?" ಅನ್ನಬಹುದು. ಸಾಲದು. ಖಾತೆಯಲ್ಲಿರೋದೆಲ್ಲ ಖಾಲಿ ಮಾಡಿ ದಿನವಿಡೀ ವ್ಯಾಪಾರ ಮಾಡೋಕಾಗಲ್ಲ. ಸುಮಾರು ಅರ್ಧ ಕೈಯಲ್ಲಿ ಉಳಿದ್ರೇ ಕಣ್ಣಿಗೆ ಆರಾಮ. 3ರಲ್ಲಿ ಅರ್ಧ ಒಂದೂವರೆ. ಕೊರತೆ 1. ಅದಕ್ಕೇ ಮೊದಲನೇ ಓದುವ ಕನ್ನಡಕದ ನಂಬರ್ ಸಾಮಾನ್ಯವಾಗಿ ಪ್ಲಸ್ 1ರ ಹತ್ತಿರ, 60ರ ಹೊತ್ತಿಗೆ ಪ್ಲಸ್ 2ರಿಂದ ಎರಡೂವರೆ. ಕನ್ನಡಕ ಅಂದ್ರೆ ಆ ಕೊರತೆ ತುಂಬೋ ಗಾಜು, ಅಷ್ಟೇ.

"ಕನ್ನಡಕ ಹಾಕಿದ್ರೆ ಅಭ್ಯಾಸ ಆಗಿ ನಂಬರ್ ಏರುತ್ತೆ" ಅನ್ನೋ ಭಯಕ್ಕೂ ಉತ್ತರ ಇಲ್ಲೇ ಇದೆ. ಹಾಕಿದ್ರೂ ಲೆನ್ಸ್ ಗಟ್ಟಿ ಆಗುತ್ತೆ, ಹಾಕದಿದ್ರೂ ಆಗುತ್ತೆ. ಹಾಕದೆ ಇದ್ದವರಿಗೆ ಉಳಿಯೋದು ತಲೆನೋವು ಮಾತ್ರ. ಕಣ್ಣಿನ ವ್ಯಾಯಾಮ, ಕ್ಯಾರೆಟ್ ಜ್ಯೂಸ್, ಯಾವುದೂ ಲೆನ್ಸನ್ನ ಮತ್ತೆ ಮೆತ್ತಗೆ ಮಾಡಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಯಾಕಂದ್ರೆ ಇದು ಬರೀ ಪೇಪರ್ ಓದೋ ಪ್ರಶ್ನೆ ಅಲ್ಲ. ನಮ್ಮೂರಿನ ರಸ್ತೆ ಹಿಡಿದು ಮುಂದೆ ಹೋದ್ರೆ ದೊಡ್ಡಬಳ್ಳಾಪುರ, ಪವರ್‌ಲೂಮ್ ಊರು. ಮಗ್ಗದಲ್ಲಿ ಒಂದು ಎಳೆ ತುಂಡಾದ್ರೆ ಏನಾಗುತ್ತೆ ಯೋಚಿಸಿ. ಮಗ್ಗ ನಿಲ್ಲಿಸಬೇಕು, ತುಂಡಾದ ತುದಿ ಹುಡುಕಬೇಕು, ಗಂಟು ಹಾಕಬೇಕು, ಅದೇ ಕಣ್ಣಿನಲ್ಲಿ, ಅದೇ ಅಚ್ಚಿನಲ್ಲಿ ದಾಟಿಸಬೇಕು. ಎಲ್ಲ ಒಂದು ಮೊಳದೊಳಗಿನ ಕೆಲಸ. ನೇಯ್ದಷ್ಟಕ್ಕೆ ಕೂಲಿ ಇದ್ದಾಗ ಹುಡುಕಾಟದ ಪ್ರತಿ ನಿಮಿಷವೂ ನಷ್ಟ. ಟೈಲರ್, ಬೀಡಿ ಕಟ್ಟುವವರು, ಮೊಬೈಲ್ ರಿಪೇರಿಯವರು, ಅಕ್ಕಿಯಲ್ಲಿ ಕಲ್ಲು ಆರಿಸೋ ಅಮ್ಮ, ಎಲ್ಲರದ್ದೂ ಇದೇ ಲೆಕ್ಕ. ಕೈಗೆ ಅನುಭವ ಕೂಡಿ ಬರೋ ವಯಸ್ಸಿನಲ್ಲೇ ಕಣ್ಣು ಕೈಕೊಡುತ್ತೆ. ಆಮೇಲೆ "ವಯಸ್ಸಾಯ್ತು, ಮೊದಲಿನ ಸ್ಪೀಡ್ ಇಲ್ಲ" ಅಂತ ಎಲ್ಲರೂ ಒಪ್ಪಿಕೊಂಡುಬಿಡ್ತಾರೆ.

ಆ ಮಾತು ಎಷ್ಟು ನಿಜ ಅಂತ ಅಸ್ಸಾಮಿನ ಟೀ ತೋಟದಲ್ಲಿ ಅಳೆದು ನೋಡಿದ್ದಾರೆ. 40 ದಾಟಿದ, ಹತ್ತಿರದ್ದು ಮಸುಕಾಗಿದ್ದ 751 ಕಾರ್ಮಿಕರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಉಚಿತ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ದಿನಕ್ಕೆ ಕಿತ್ತ ಎಲೆಯ ತೂಕ ನೋಡಿದ್ರು. ಕನ್ನಡಕ ಸಿಕ್ಕವರ ಉತ್ಪಾದನೆ ಇನ್ನೊಂದು ಗುಂಪಿಗಿಂತ ಸುಮಾರು ಶೇ 21.7ರಷ್ಟು ಹೆಚ್ಚು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯ್ತು. ಕೈ ಅದೇ, ತೋಟ ಅದೇ, ಬದಲಾಗಿದ್ದು ಒಂದು ಜೊತೆ ಗಾಜು. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಲಾಭ ಕೊಡೋ ಬೇರೆ ಹೂಡಿಕೆ ನನಗಂತೂ ಹೊಳೀತಿಲ್ಲ.

ಡ್ರಾಪ್ಸ್ ಬಗ್ಗೆಯೂ ಕೇಳ್ತೀರಿ. ಹಾಕ್ಕೊಂಡ್ರೆ ಕನ್ನಡಕ ಬೇಡ ಅಂತ 2024ರಲ್ಲಿ ವಾಟ್ಸಾಪ್ ತುಂಬಾ ಓಡಾಡ್ತಲ್ಲ, ಅದು. ಕಂಪನಿ ಮಾಡಿದ ಪ್ರಚಾರದ ಕಾರಣಕ್ಕೆ ಕೇಂದ್ರದ ಔಷಧ ನಿಯಂತ್ರಕರು ಅದೇ ಸೆಪ್ಟೆಂಬರ್‌ನಲ್ಲಿ ಅನುಮತಿಯನ್ನ ತಡೆಹಿಡಿದ್ರು. ಆ ಥರದ ಡ್ರಾಪ್ಸ್ ಲೆನ್ಸನ್ನ ಮೆತ್ತಗೆ ಮಾಡಲ್ಲ. ಕೆಲವು ಗಂಟೆ ಪಾಪೆಯನ್ನ ಕಿರಿದು ಮಾಡುತ್ತೆ, ಕಿರಿದಾದ ಕಿಂಡಿಯಲ್ಲಿ ಮಸುಕು ಕಡಿಮೆ ಆಗುತ್ತೆ. ಸೂಜಿ ಪೋಣಿಸೋಕೆ ಹಿರಿಯರು ಬಾಗಿಲ ಬೆಳಕಿಗೆ ಹೋಗ್ತಾರಲ್ಲ, ಅಲ್ಲೂ ನಡೆಯೋದು ಇದೇ. ಬೆಳಕು ಜಾಸ್ತಿ, ಪಾಪೆ ಚಿಕ್ಕದು.

ಇನ್ನೊಂದು ಮಾತು ಹುಷಾರಾಗಿ ಕೇಳಿ. "ನಮ್ಮಜ್ಜಿಗೆ 70 ಆಯ್ತು, ಈಗ ಕನ್ನಡಕ ಇಲ್ಲದೇ ಓದ್ತಾರೆ, ಕಣ್ಣು ವಾಪಸ್ ಬಂತು!" ಕೆಲವರಿಗೆ ಮೊದಲಿಂದಲೂ ದೂರದ್ದು ಕಾಣದ ಮೈನಸ್ ನಂಬರ್ ಇರುತ್ತೆ, ಅವರು ಕನ್ನಡಕ ತೆಗೆದ್ರೆ ಹತ್ತಿರದ್ದು ಕಾಣುತ್ತೆ, ಅದು ಸರಿ. ಆದ್ರೆ ವಯಸ್ಸಾದ ಮೇಲೆ ಹೊಸದಾಗಿ ಹೀಗಾದ್ರೆ ಅದು ಮೋತಿಬಿಂದು, ಅಂದ್ರೆ ಕಣ್ಣಿನ ಪೊರೆ ಶುರುವಾದ ಲಕ್ಷಣ ಇರಬಹುದು. ಖುಷಿಪಡೋ ಮುಂಚೆ ಒಮ್ಮೆ ತೋರಿಸಿ.

ಹಾಗಾದ್ರೆ ಏನು ಮಾಡಬೇಕು? 40 ಆದ ಮೇಲೆ ಒಮ್ಮೆ ಪೂರ್ತಿ ಕಣ್ಣಿನ ಪರೀಕ್ಷೆ ಮಾಡಿಸಿ, ಬರೀ ನಂಬರ್ ಅಲ್ಲ. ಗ್ಲಾಕೋಮಾ ನೋವಿಲ್ಲದೆ ಬರೋದೇ ಹೆಚ್ಚು, ಹೋದ ದೃಷ್ಟಿ ವಾಪಸ್ ಬರಲ್ಲ. ಸಕ್ಕರೆ ಕಾಯಿಲೆ ಇದ್ರೆ ಪ್ರತಿ ವರ್ಷ. ಎರಡೂ ಕಣ್ಣಿನ ನಂಬರ್ ಒಂದೇ ಇದ್ರೆ ಅಂಗಡಿಯ ರೆಡಿಮೇಡ್ ಓದುವ ಕನ್ನಡಕವೂ ನಡೆಯುತ್ತೆ. ಅದನ್ನ ಹಾಕ್ಕೊಂಡು ಗಾಡಿ ಮಾತ್ರ ಓಡಿಸಬೇಡಿ, ದೂರದ್ದು ಮಸುಕಾಗುತ್ತೆ. ಖರ್ಚಿನ ಚಿಂತೆ ಇದ್ರೆ ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ. ರಾಜ್ಯ ಸರ್ಕಾರದ 'ಆಶಾಕಿರಣ' ಕಾರ್ಯಕ್ರಮದ ಉಚಿತ ತಪಾಸಣೆ, ಉಚಿತ ಕನ್ನಡಕದ ಬಗ್ಗೆ ನಿಮ್ಮ ಆಶಾ ಕಾರ್ಯಕರ್ತೆಯನ್ನ ವಿಚಾರಿಸಿ.

ಕೊನೆಗೆ, ನನ್ನ ವಯಸ್ಸಿನ ಕೇಳುಗರಿಗೆ ಒಂದು ಕೆಲಸ. ಮನೆಯಲ್ಲಿ ಅಪ್ಪ-ಅಮ್ಮ "ಇದರಲ್ಲಿ ಏನ್ ಬರ್ದಿದೆ ನೋಡು" ಅಂತ ಫೋನ್ ಕೊಟ್ರೆ, ಓದಿ ಹೇಳಿ. ಹೇಳಿದ ಮೇಲೆ, ಕಣ್ಣು ತೋರಿಸೋಕೆ ಯಾವತ್ತು ಹೋಗೋಣ ಅಂತಲೂ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.