ಕೇಳದ ಮಗುವಿನ ಮನೆಮಾತು



ನಮ್ಮ ಆಡುನುಡಿಯಲ್ಲಿ ‘ಕಿವುಡಮೂಗ’ ಎಂಬ ಜೋಡುಪದವೊಂದುಂಟು. ಕಿವಿ ಕೇಳದವನಿಗೆ ಮಾತೂ ಇಲ್ಲವೆಂಬ ತೀರ್ಪು ಆ ಸಮಾಸದಲ್ಲಿಯೇ ಅಡಗಿದೆ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಈ ಸಮಾಸವನ್ನು ಬಿಡಿಸಿ ನೋಡಬೇಕೆನ್ನಿಸುತ್ತದೆ. ಕಿವುಡುತನ ಹುಟ್ಟಿನಿಂದ ಬರಬಹುದು. ಮೂಕತನ ಬಹುಮಟ್ಟಿಗೆ ನಮ್ಮ ವಿಳಂಬದಿಂದ ಬರುವಂಥದು. ಇಂಥ ಹೆಚ್ಚಿನ ಮಕ್ಕಳ ಗಂಟಲಿನಲ್ಲಾಗಲಿ ನಾಲಗೆಯಲ್ಲಾಗಲಿ ದೋಷವಿರುವುದಿಲ್ಲ. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ?

ನಮ್ಮ ಮಾಯಸಂದ್ರದ ಸುತ್ತಿನ ತೆಂಗಿನ ಸೀಮೆಯವರು ಕಾಯುವುದರಲ್ಲಿ ನಿಪುಣರು. ಸಸಿ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾನೆ. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತಾನೆ. ಅಲುಗಾಡಿಸಿದಾಗ ಒಳಗಿನ ಗಿಟುಕು ಸದ್ದು ಮಾಡಿದರೆ ಹದವಾಯಿತೆಂದು ಅರಿಯುತ್ತಾನೆ. ಈ ತಾಳ್ಮೆ ಬೇಸಾಯದಲ್ಲಿ ಗುಣ. ಕೇಳದ ಮಗುವಿನ ವಿಷಯದಲ್ಲಿ ದೋಷ. ಎರಡು ವರ್ಷವಾದರೂ ಮಾತಾಡದ ಕೂಸನ್ನು ಕಂಡು, “ಅವರಪ್ಪನಿಗೂ ಮಾತು ತಡವಾಗೇ ಬಂತು, ಸುಮ್ಮನಿರವ್ವ” ಎಂದು ಅಜ್ಜಿಯರು ಸೊಸೆಯರಿಗೆ ಸಮಾಧಾನ ಹೇಳುವುದನ್ನು ನಮ್ಮ ಜಗುಲಿಗಳಲ್ಲಿ ನಾನು ಕೇಳಿದ್ದೇನೆ. ಕೆಲವು ಮನೆಗಳಲ್ಲಿ ಅದು ನಿಜವೂ ಆಗುತ್ತದೆ. ನಿಜವಾಗದ ಮನೆಯಲ್ಲಿ ಮಾತ್ರ ಮರಳಿ ಬಾರದ ಕಾಲ ಕಳೆದುಹೋಗಿರುತ್ತದೆ. ಏಕೆಂದರೆ ಭಾಷೆಯನ್ನು ಹಿಡಿದುಕೊಳ್ಳುವ ಶಕ್ತಿ ಮಿದುಳಿಗೆ ಮೊದಲ ಕೆಲವು ವರ್ಷಗಳಲ್ಲಿಯೇ ಹೆಚ್ಚು.

ಆದ್ದರಿಂದಲೇ ತಜ್ಞರ ಸೂತ್ರ ಹೀಗಿದೆ: ಹುಟ್ಟಿದ 1 ತಿಂಗಳೊಳಗೆ ಶ್ರವಣಪರೀಕ್ಷೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ಶಿಕ್ಷಣದ ಆರಂಭ. ಮಲಗಿದ ಕೂಸಿನ ಕಿವಿಯಲ್ಲಿ ಪುಟ್ಟ ಸಾಧನವಿಟ್ಟು, ನೋವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮೊದಲ ಪರೀಕ್ಷೆಯನ್ನು ಮಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡುತನವೂ ಸೇರಿದೆ.

ಆದರೆ ಸಾಧನ ಕಿವಿಗೆ ಸದ್ದನ್ನು ಮುಟ್ಟಿಸೀತೇ ಹೊರತು ಭಾಷೆಯನ್ನು ಕಲಿಸಲಾರದು. ಕಲಿಸಬೇಕಾದದ್ದು ಮನೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ಮಗುವಿನೊಡನೆ ತಾಯಿಗೂ ತರಬೇತಿಯುಂಟು. ಇದರ ತತ್ತ್ವ ಸರಳ: ತಜ್ಞರು ಸಿಗುವುದು ಕೆಲವೇ ಗಂಟೆ, ಮನೆಯವರು ದಿನವೆಲ್ಲ. ಮಗುವಿನ ಎದುರು ಕುಳಿತು, ಮುಖದ ಮೇಲೆ ಬೆಳಕು ಬೀಳುವಂತೆ, “ಕಾಯಿ ಒಡೆದೆ, ನೋಡು, ಎಳನೀರು ಸಿಹಿ, ಕುಡಿ” ಎಂದು ನೂರು ಸಲ ಹೇಳುವುದೇ ಪಾಠ.

ಸನ್ನೆ ಕಲಿತರೆ ಮಾತು ಬಾರದೆಂಬ ಭಯ ಕೆಲವರಿಗೆ. ಸನ್ನೆಭಾಷೆಯೂ ತನ್ನದೇ ವ್ಯಾಕರಣವುಳ್ಳ ಪೂರ್ಣಭಾಷೆ. ಅದರ ಅಧ್ಯಯನಕ್ಕೆಂದೇ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು. ನಾಲಗೆಯಿಂದಾಗಲಿ ಕೈಯಿಂದಾಗಲಿ, ಮಗುವಿಗೆ ಒಂದು ಭಾಷೆ ಸಕಾಲದಲ್ಲಿ ದೊರೆಯಬೇಕು. ಭಾಷೆಯಿಲ್ಲದ ಬಾಲ್ಯಕ್ಕಿಂತ ದೊಡ್ಡ ಬಡತನವಿಲ್ಲ.

ಈ ಹೊಣೆಯನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ. ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿದ ದಿನ ಅವಳ ಕೂಲಿ ತಪ್ಪುತ್ತದೆ. ಮನೆಯಲ್ಲಿ ಉಳಿದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕಾಗುತ್ತದೆ. ಸಾಲದ್ದಕ್ಕೆ, ಗ್ರಹಣ ಕಾಲದಲ್ಲಿ ಹೊರಬಂದದ್ದರಿಂದಲೇ ಹೀಗಾಯಿತೆಂಬ ನಿಂದೆ ಬೇರೆ. ಗರ್ಭಿಣಿಗೆ ತಗಲುವ ರುಬೆಲ್ಲಾ ಸೋಂಕು, ಹೆರಿಗೆಯ ತೊಡಕುಗಳು, ವಂಶವಾಹಿಯ ದೋಷಗಳು ಕಾರಣಗಳೇ ಹೊರತು ಗ್ರಹಣವಲ್ಲ. ಸೋದರಮಾವನ ಮದುವೆಯಂಥ ಹತ್ತಿರದ ಸಂಬಂಧಗಳಲ್ಲಿ ವಂಶವಾಹಿ ದೋಷದ ಸಂಭವ ಹೆಚ್ಚು. ಹಾಗೆ ಬಂದಾಗ ಸಾಮಾನ್ಯವಾಗಿ ತಂದೆಯ ಪಾಲೂ ತಾಯಿಯ ಪಾಲೂ ಸಮ. ಮನೆಯವರು ದೂರುವುದನ್ನು ಬಿಟ್ಟು, ತಂದೆ ಜತೆಯಲ್ಲಿ ಹೊರಟು, ಅಜ್ಜಿ ಮಿಕ್ಕ ಮಕ್ಕಳನ್ನು ನೋಡಿಕೊಂಡರೆ, ಅದೇ ಚಿಕಿತ್ಸೆಯ ಅರ್ಧಭಾಗ.

ಬಾನುಲಿಯ ಈ ಮಾತು ಆ ಮಕ್ಕಳಿಗೆ ಕೇಳಿಸದು. ಕೇಳಬಲ್ಲ ನಿಮ್ಮನ್ನು ನಂಬಿ ಆಡಿದ್ದೇನೆ. ನೆರೆಮನೆಯಲ್ಲಿ ಕರೆದರೆ ತಿರುಗದ, ಬಾಗಿಲು ಬಡಿದರೂ ಬೆಚ್ಚದ ಕೂಸಿದ್ದರೆ ಅದರ ತಾಯಿತಂದೆಗಳಿಗೆ ಇಂದೇ ಹೇಳಿ. ಕೊಬ್ಬರಿ ಕಾದೀತು, ಮಾತು ಕಾಯದು.