ಪಾಪರ್ ಚೀಟಿ: ಯಾರಿಗೆ ಸಿಗುತ್ತೆ, ಯಾವಾಗ ಹಾಕಬೇಕು?

(ಗರುಡಾಚಾರ್‌ಪಾಳ್ಯದಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಕಾನೂನು ಅರಿವು ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ದಿನವಿಡೀ ದುಡಿದು ದಣಿದಿದ್ದರೂ ಬಂದಿದ್ದೀರಿ, ಸಂತೋಷ. ಮನೆ ಭೇಟಿಗೆ ಹೋದಾಗ ನಾವು ಹೆಚ್ಚಾಗಿ ಕೇಳೋದು ಸಾಲದ ಮಾತನ್ನೇ. ಮನೆ ಅಡ್ವಾನ್ಸ್‌ಗೆ ಒಂದು ಸಾಲ, ಆಸ್ಪತ್ರೆಗೆ ಒಂದು, ಸ್ಕೂಲ್ ಫೀಸಿಗೆ ಇನ್ನೊಂದು. ಮೊದಲು ನಾವೂ ಒಂದು ತಪ್ಪು ಮಾಡ್ತಿದ್ದೆವು. "ಸಂಘದಿಂದ ಸಾಲ ತಗೊಂಡು ಹಳೇದನ್ನ ತೀರಿಸಿ" ಅಂತ ಹೇಳಿ ಕಳಿಸ್ತಿದ್ದೆವು. ಕೆಲವರಿಗೆ ಅದರಿಂದ ಅನುಕೂಲವಾಯಿತು. ಇನ್ನು ಕೆಲವರಿಗೆ ಒಂದು ಸಾಲ ಇದ್ದ ಕಡೆ ಎರಡಾಯಿತು. ಅಂಥವರು ಒಂದು ದಿನ ಯಾರಿಗೂ ಹೇಳದೆ ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದರು. ಅದಕ್ಕೇ ಇವತ್ತು ಈ ವಿಷಯ ತಗೊಂಡಿದ್ದೇವೆ.

ಮೊದಲು ಲೆಕ್ಕ ಹಾಕೋಣ. ಒಂದು ಮನೆ ಅಂತ ಇಟ್ಟುಕೊಳ್ಳಿ. ಗಂಡ ಆಟೋ ಓಡಿಸ್ತಾರೆ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 28,000 ರೂಪಾಯಿ. ಬಾಡಿಗೆ, ರೇಷನ್, ಮಕ್ಕಳ ಖರ್ಚು 19,000. ಉಳಿಯೋದು 9,000. ಸಾಲ ಒಟ್ಟು 4,80,000. ಅದರಲ್ಲಿ ಒಂದು ಲಕ್ಷ ನೂರಕ್ಕೆ ಹತ್ತರಂತೆ ತಿಂಗಳ ಬಡ್ಡಿಗೆ ತಂದದ್ದು. ಅದೊಂದರ ಬಡ್ಡಿಯೇ ತಿಂಗಳಿಗೆ 10,000! ಉಳಿದ 9,000 ಪೂರ್ತಿ ಕೊಟ್ಟರೂ ಅಸಲಿನಲ್ಲಿ ಒಂದು ರೂಪಾಯಿ ಕಡಿಮೆ ಆಗಲ್ಲ. ಇದು ಸೋಮಾರಿತನ ಅಲ್ಲ, ಮೋಸವೂ ಅಲ್ಲ. ತೀರಿಸೋ ಶಕ್ತಿ ಇಲ್ಲ, ಅಷ್ಟೇ. ಕಾನೂನು ಇದನ್ನೇ ದಿವಾಳಿ ಅಂತ ಕರೆಯುತ್ತೆ. ಜನ 'ಪಾಪರ್ ಚೀಟಿ' ಅಂತಾರೆ.

ಯಾವ ಕಾನೂನು? 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ತೀರಾ ಬಡವರ ಸಣ್ಣ ಸಾಲ ಮನ್ನಾ ಮಾಡಿ ಹೊಸದಾಗಿ ಬದುಕು ಶುರು ಮಾಡಿಸೋ ಅಧ್ಯಾಯವೂ ಅದರಲ್ಲಿದೆ. ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು ಅಂತ ಷರತ್ತು ಬರೆದಿದ್ದಾರೆ. ಆದರೆ 2019ರ ಡಿಸೆಂಬರ್ 1ರಂದು ವ್ಯಕ್ತಿಗಳ ಭಾಗ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥವರು ಹಳೆಯ ಕಾನೂನಿನ ಕೋರ್ಟಿಗೇ ಹೋಗಬಹುದು ಅಂತ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿತ್ತು. ಆ ಹಳೆಯ ಕಾನೂನೇ 1920ರ ಪ್ರಾಂತೀಯ ದಿವಾಳಿ ಕಾಯ್ದೆ.

ಅದರ 10ನೇ ಕಲಂ ಪ್ರಕಾರ ಅರ್ಜಿ ಹಾಕುವವರಿಗೆ ಸಾಲ ತೀರಿಸಲು ಆಗ್ತಿರಬಾರದು. ಜೊತೆಗೆ ಈ ಮೂರರಲ್ಲಿ ಒಂದಾದರೂ ಇರಬೇಕು. ಒಂದು, ಸಾಲ 500 ರೂಪಾಯಿ ಮುಟ್ಟಿರಬೇಕು. ನೂರು ವರ್ಷದ ಹಿಂದೆ ಬರೆದ ಮೊತ್ತ ಅದು, ಹಾಗೇ ಉಳಿದಿದೆ. ಎರಡು, ಹಣದ ಡಿಕ್ರಿಗಾಗಿ ಬಂಧನ ಆಗಿರಬೇಕು. ಮೂರು, ಡಿಕ್ರಿ ಜಾರಿಯಲ್ಲಿ ಆಸ್ತಿ ಜಪ್ತಿ ಆದೇಶ ಆಗಿರಬೇಕು. ನೀವು ವಾಸ ಮಾಡೋ ಅಥವಾ ದುಡಿಯೋ ಜಾಗದ ಜಿಲ್ಲಾ ಕೋರ್ಟಿಗೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟಿರೋ ಕೋರ್ಟಿಗೆ ಅರ್ಜಿ ಹಾಕಬೇಕು. ಸಾಲ ಕೊಟ್ಟವರೆಲ್ಲರ ಹೆಸರು, ಮೊತ್ತ, ನಿಮ್ಮ ಆಸ್ತಿ ಎಲ್ಲಾ ಬರೆಯಬೇಕು. ಒಂದು ಕೈಸಾಲವನ್ನೂ ಮುಚ್ಚಿಡಬಾರದು.

ಈಗ ಮುಖ್ಯವಾದ ಮಾತು, ಯಾವಾಗ ಹಾಕಬೇಕು?

ಅರ್ಜಿ ಹಾಕೋ ಮುಂಚೆ ಊರಿನ ಸೈಟನ್ನು ಭಾವಮೈದುನನ ಹೆಸರಿಗೆ ಬರೆದುಬಿಡೋಣ ಅಂತ ಎಷ್ಟೋ ಜನ ಯೋಚಿಸ್ತಾರೆ. ದಯವಿಟ್ಟು ಬೇಡ. ಸರಿಯಾದ ಬೆಲೆ ಇಲ್ಲದೆ ಮಾಡಿದ ಅಂಥ ವರ್ಗಾವಣೆ ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಆಗಿದ್ದರೆ ಕೋರ್ಟು ಅದನ್ನು ರದ್ದು ಮಾಡಬಹುದು. ಬೇಕಾದವರೊಬ್ಬರಿಗೆ ಮಾತ್ರ ಹಣ ಕೊಟ್ಟು ಉಳಿದವರನ್ನು ಬಿಟ್ಟಿದ್ದರೆ, ಮೂರು ತಿಂಗಳೊಳಗಿನದು ರದ್ದಾಗಬಹುದು. ಮೋಸದಿಂದ ಆಸ್ತಿ ಬಚ್ಚಿಟ್ಟರೆ ಒಂದು ವರ್ಷದ ತನಕ ಜೈಲು.

ತೀರಿಸೋಕೆ ಆಗಲ್ಲ ಅಂತ ಗೊತ್ತಿದ್ದೂ ಮತ್ತೆ ಸಾಲ ಮಾಡಿದರೆ, ಕೊನೆಗೆ ಬಿಡುಗಡೆ ಕೇಳುವಾಗ ಅದೇ ಅಡ್ಡ ಬರುತ್ತೆ. ಆದ್ದರಿಂದ ಲೆಕ್ಕ ತಾಳೆ ಆಗದ ದಿನವೇ ಹೊಸ ಸಾಲ ನಿಲ್ಲಿಸಿ. ಇನ್ನೊಂದು ಕಡೆ, ಆತುರವೂ ಬೇಡ. ನಾಳೆ ಇನ್ನೊಂದು ಆಪರೇಷನ್ ಇದೆ, ಅದಕ್ಕೂ ಸಾಲ ಆಗುತ್ತೆ ಅಂತ ಗೊತ್ತಿದ್ದರೆ ವಕೀಲರಿಗೆ ಮೊದಲೇ ಹೇಳಿ. ದಿವಾಳಿ ಆದೇಶದ ನಂತರ ಮಾಡಿದ ಸಾಲ ಈ ಅರ್ಜಿಯಲ್ಲಿ ತೀರಲ್ಲ.

ಡಿಕ್ರಿ ಆಗಿ ಅಮೀನರು ಹಿಡಿದುಕೊಂಡು ಬಂದರೂ ದಾರಿ ಮುಚ್ಚಿಲ್ಲ. ದಿವಾಳಿ ಅರ್ಜಿ ಹಾಕಬಹುದು ಅಂತ ಕೋರ್ಟೇ ನಿಮಗೆ ತಿಳಿಸಬೇಕು. ಒಂದು ತಿಂಗಳೊಳಗೆ ಹಾಕ್ತೇನೆ ಅಂತ ಭದ್ರತೆ ಕೊಟ್ಟರೆ ಬಿಡಬಹುದು. ಹೆಂಗಸರನ್ನಂತೂ ಹಣದ ಡಿಕ್ರಿಗಾಗಿ ಬಂಧಿಸುವಂತಿಲ್ಲ. ಕೈಲಾಗದ ಬಡವನನ್ನು ಬರೀ ಸಾಲ ತೀರಿಸಿಲ್ಲ ಅಂತ ಜೈಲಿಗೆ ಹಾಕಬಾರದು ಅಂತ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆದೇಶ ಆದ ಮೇಲೆ ಏನಾಗುತ್ತೆ? ನಿಮ್ಮ ಆಸ್ತಿ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತೆ. ಆದರೆ ಉಡೋ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕಸುಬಿನ ಸಲಕರಣೆ, ಭವಿಷ್ಯ ನಿಧಿ ಮುಟ್ಟುವಂತಿಲ್ಲ. ಕೋರ್ಟಿನ ಅನುಮತಿ ಇಲ್ಲದೆ ಸಾಲಗಾರರು ಹೊಸ ದಾವೆ ಹಾಕುವಂತಿಲ್ಲ. ಅಡವಿಟ್ಟ ಒಡವೆ ಮಾತ್ರ ಬೇರೆ. ಅದರ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತೆ. ಚೆಕ್ ಬೌನ್ಸ್ ಕೇಸೂ ಇದರಿಂದ ತಾನಾಗಿ ನಿಲ್ಲಲ್ಲ. ಬಿಡುಗಡೆ ಆಗೋ ತನಕ, ದಿವಾಳಿ ಆಗಿದ್ದೇನೆ ಅಂತ ತಿಳಿಸದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ತಗೊಂಡರೂ ಅಪರಾಧ. ಇನ್ನೊಂದು ಮರೆಯಬೇಡಿ. ದಿವಾಳಿ ಆದೇಶದಿಂದಲೇ ಸಾಲ ಹೋಗಲ್ಲ. ಕೋರ್ಟು ಕೊಟ್ಟ ಅವಧಿಯೊಳಗೆ ಬಿಡುಗಡೆಗೆ ಇನ್ನೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಮಾಡಿದ್ದೆಲ್ಲ ರದ್ದಾಗಬಹುದು.

ಈಗ ನಮ್ಮ ಸಂಘಗಳಿಗೆ ಕಷ್ಟವಾದ ಮಾತು. ಬಿಡುಗಡೆ ಸಿಗೋದು ಅರ್ಜಿ ಹಾಕಿದವರಿಗೆ ಮಾತ್ರ. ಜಾಮೀನು ಹಾಕಿದವರಿಗೆ, ಜೊತೆಗೆ ಸಹಿ ಮಾಡಿದವರಿಗೆ ಸಿಗಲ್ಲ. ಒಬ್ಬ ಅಕ್ಕ ಪಾಪರ್ ಚೀಟಿ ತಗೊಂಡರೆ, ಗುಂಪಿನ ಹೊಣೆಗೆ ಸಹಿ ಹಾಕಿದ ಉಳಿದವರ ತಲೆ ಮೇಲೆ ಆ ಕಂತು ಬೀಳುತ್ತೆ. ಹಾಗಂತ ಆ ಅಕ್ಕ ಹಾಕಲೇಬಾರದಾ? ಹಾಕಬಾರದು ಅಂತ ನಾವು ಹೇಳಲ್ಲ. ಆದರೆ ಕೋರ್ಟಿನ ನೋಟಿಸು ಬಂದ ಮೇಲೆ ಉಳಿದವರಿಗೆ ಗೊತ್ತಾಗಬಾರದು, ಮೊದಲೇ ಗೊತ್ತಾಗಬೇಕು. ಸಭೆಯಲ್ಲಿ ಕೂತು ಮುಖ ನೋಡಿ ಹೇಳಬೇಕು. ಕೇಳಿಸಿಕೊಂಡವರು ಬಯ್ಯಬಾರದು. ಬೈದರೆ ಮುಂದಿನವರು ಬಾಯೇ ಬಿಡಲ್ಲ, ಸಾಲ ಎರಡರಷ್ಟಾದ ಮೇಲೇ ಎಲ್ಲರಿಗೂ ಗೊತ್ತಾಗೋದು.

ಕೋರ್ಟಿಗೆ ಹೋಗೋ ಮುಂಚೆ ಬೇರೆ ದಾರಿಗಳನ್ನೂ ನೋಡಿ. ಕಂತು ಕಡಿಮೆ ಮಾಡಿ, ಅವಧಿ ಹೆಚ್ಚಿಸಿ ಅಂತ ಬರವಣಿಗೆಯಲ್ಲಿ ಕೇಳಿ. ವಿಪರೀತ ಬಡ್ಡಿಗೆ ತಡೆ ಹಾಕೋ ಕಾಯ್ದೆ ಕರ್ನಾಟಕದಲ್ಲಿ 2004ರಿಂದಲೂ ಇದೆ. 2025ರಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಕಾನೂನು ತಂದಿತು. ತಪ್ಪು ಮಾಡಿದವರಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇದೆ. ಮನೆ ಮುಂದೆ ನಿಂತು ಬೈದರೆ, ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಬಿಡಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ 1987ರ ಕಾನೂನಿನಂತೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ. ಯಾವ ಕೋರ್ಟು, ಈಗಿನ ನಿಯಮ ಏನು ಅಂತ ಅಲ್ಲೇ ಖಚಿತ ಮಾಡಿಕೊಂಡು ಮುಂದುವರಿಯಿರಿ.

ಇವತ್ತು ಮನೆಗೆ ಹೋಗಿ ಒಂದೇ ಕೆಲಸ ಮಾಡಿ. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತಗೊಂಡು ಯಾರಿಗೆ ಎಷ್ಟು, ಯಾವಾಗ ತಂದದ್ದು, ಬಡ್ಡಿ ಎಷ್ಟು, ಯಾರ ಜಾಮೀನು ಅಂತ ಗಂಡ ಹೆಂಡತಿ ಕೂತು ಬರೆಯಿರಿ. ಒಬ್ಬರಿಗೊಬ್ಬರು ಮುಚ್ಚಿಟ್ಟ ಸಾಲವೂ ಅದರಲ್ಲಿ ಬರಲಿ. ಮುಂದಿನ ಸಭೆಗೆ ಆ ಹಾಳೆ ತನ್ನಿ, ಒಟ್ಟಿಗೆ ಕೂತು ನೋಡೋಣ. ಮನಸ್ಸು ತೀರಾ ಕುಗ್ಗಿದರೆ ಒಬ್ಬರೇ ಕೂರಬೇಡಿ, 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ನಮ್ಮ ಬಾಗಿಲನ್ನೂ ತಟ್ಟಿ. ಸಾಲ ಎಷ್ಟೇ ದೊಡ್ಡದಿರಲಿ, ಜೀವಕ್ಕಿಂತ ದೊಡ್ಡದಲ್ಲ.