ಬಣ್ಣಕ್ಕೆ ಮೊದಲು ಬೆಳಕು



ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು ಗುಬ್ಬಿ ತಾಲ್ಲೂಕಿನ ಚೇಳೂರು. ಅಲ್ಲಿಯ ‘ಸಿದ್ದು’ ಹಲಸಿನ ತೊಳೆ ನೋಡಿದ್ದೀರಾ? ಸಾಮಾನ್ಯ ಹಲಸಿನಂತೆ ಹಳದಿಯಲ್ಲ, ತಾಮ್ರದಂಥ ಕೆಂಪು. ಈ ತೊಳೆಯನ್ನು ಎಲೆಯ ಮೇಲಿಟ್ಟಂತೆ ಕಂಪ್ಯೂಟರಿನಲ್ಲಿ ಬರೆಯಬೇಕು ಎಂದುಕೊಳ್ಳಿ. ಹಸಿರಿನ ಮೇಲೆ ಕೆಂಪು. ಇದಕ್ಕಿಂತ ಸುಲಭವಾದ ಚಿತ್ರ ಯಾವುದಿದೆ ಎನಿಸುತ್ತದೆ. ಅಲ್ಲಿಯೇ ತೊಡಕಿರುವುದು.

ಕಂಪ್ಯೂಟರಿನಲ್ಲಿ ಪ್ರತಿ ಚುಕ್ಕೆಗೂ ಮೂರು ಅಂಕಿಗಳು: ಕೆಂಪು, ಹಸಿರು, ನೀಲಿ. ಪ್ರತಿಯೊಂದೂ 0ಯಿಂದ 255ರವರೆಗೆ. ತೊಳೆಗೆ 200, 90, 60 ಕೊಡೋಣ. ಎಲೆಗೆ 60, 160, 60. ಈ ಮೂರೂ ಬಣ್ಣಗಳು ಕಣ್ಣಿಗೆ ಒಂದೇ ಸಮನಾಗಿ ಹೊಳೆಯುವುದಿಲ್ಲ. ಟೆಲಿವಿಷನ್ ಎಂಜಿನಿಯರುಗಳ ಹಳೆಯ ಲೆಕ್ಕದಲ್ಲಿ ಹೊಳಪಿನ ನೂರು ಪಾಲಿನಲ್ಲಿ ಹಸಿರಿಗೆ ಸುಮಾರು 59, ಕೆಂಪಿಗೆ 30, ನೀಲಿಗೆ ಬರೀ 11. ಈ ಪಾಲಿನಂತೆ ಗುಣಿಸಿ ಕೂಡಿಸಿ ನೋಡಿ. ತೊಳೆಗೂ ಸುಮಾರು 119, ಎಲೆಗೂ ಸುಮಾರು 119! ಬಣ್ಣ ತೆಗೆದರೆ ಎರಡೂ ಒಂದೇ ಬೂದಿ. ತೊಳೆ ಎಲೆಯಲ್ಲಿ ಮುಳುಗಿಹೋಯಿತು.

ಬಣ್ಣ ಏಕೆ ತೆಗೆಯಬೇಕು ಎಂದು ನೀವು ಕೇಳಬಹುದು. ನಮ್ಮ ಮಿದುಳು ತಾನೇ ಅರ್ಧ ತೆಗೆದಿರುತ್ತದೆ. ವಸ್ತುವಿನ ಅಂಚು, ಉಬ್ಬುತಗ್ಗು, ಚಲನೆ ಇವನ್ನು ಅದು ಹೆಚ್ಚಾಗಿ ಬೆಳಕು ಕತ್ತಲೆಯ ವ್ಯತ್ಯಾಸದಿಂದಲೇ ಅಳೆಯುತ್ತದೆ. ಸೂಕ್ಷ್ಮ ವಿವರ ಹೊಳಪಿನಲ್ಲಿ ಕಾಣುವಷ್ಟು ಬರೀ ಬಣ್ಣದಲ್ಲಿ ಕಾಣದು. ಆದ್ದರಿಂದಲೇ ಬಣ್ಣದ ಟಿ.ವಿ. ಸಂಕೇತದಲ್ಲಿ ಹೊಳಪಿಗೆ ವಿಶಾಲವಾದ ಜಾಗ ಕೊಟ್ಟು, ಬಣ್ಣವನ್ನು ಕಿರಿದಾದ ಜಾಗದಲ್ಲಿ ತುರುಕಿದರು. 1982ರಲ್ಲಿ ನಮ್ಮ ದೇಶಕ್ಕೆ ಬಣ್ಣದ ಪ್ರಸಾರ ಬಂದ ಮೇಲೂ ಎಷ್ಟೋ ವರ್ಷ ಹಳ್ಳಿಗಳ ಕಪ್ಪು ಬಿಳುಪು ಸೆಟ್ಟುಗಳು ಅದೇ ಕಾರ್ಯಕ್ರಮವನ್ನು ತೋರಿಸಿದ್ದು ಆ ಹೊಳಪಿನ ಭಾಗವನ್ನು ಮಾತ್ರ ಓದಿ. ಇಂದು ಫೋನಿನಲ್ಲಿ ಕಳುಹಿಸುವ ಫೋಟೋಗಳಲ್ಲೂ ಸಾಮಾನ್ಯವಾಗಿ ಇದೇ ಜಿಪುಣತನ.

ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರ ಚಿತ್ರ. 2008ರಲ್ಲಿ ಅದು ಕಂಪ್ಯೂಟರಿನ ನೆರವಿನಿಂದ ಬಣ್ಣ ತೊಟ್ಟು ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಹಾಗೆಯೇ ಬಂತು. ಇಂಥ ಕೆಲಸ ಸಾಧ್ಯವಾಗುವುದು ಹೊಳಪು ಮೊದಲೇ ಅಲ್ಲಿರುವುದರಿಂದ. ರಾಜ್‌ಕುಮಾರ್ ಅವರ ಮುಖದ ಭಾವವೆಲ್ಲ ಬೂದಿ ಬಣ್ಣದ ಮೆಟ್ಟಿಲುಗಳಲ್ಲೇ ಇತ್ತು. ಮೇಲೆ ಹಚ್ಚಿದ್ದು ವರ್ಣ ಮಾತ್ರ. ನನ್ನನ್ನು ಕೇಳಿದರೆ ಕಪ್ಪು ಬಿಳುಪಿನದೇ ಚೆನ್ನ. ಅದು ರುಚಿಯ ಮಾತು, ವಿಜ್ಞಾನದ್ದಲ್ಲ.

ಅಂಕಿಗಳನ್ನೂ ಪೂರ್ತಿ ನಂಬುವಂತಿಲ್ಲ. ಸಾಮಾನ್ಯ ಪರದೆಯಲ್ಲಿ 128 ಎಂಬ ಬೂದಿ 255ರ ಬಿಳಿಯ ಅರ್ಧದಷ್ಟು ಬೆಳಕು ಕೊಡುವುದಿಲ್ಲ. ನೂರಕ್ಕೆ ಸುಮಾರು 22ರಷ್ಟು ಮಾತ್ರ. ಕಣ್ಣಿಗೆ ಮಾತ್ರ ಅದು ನಟ್ಟನಡುವಿನಂತೆ ತೋರುತ್ತದೆ. ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸ ಕಣ್ಣಿಗೆ ದೊಡ್ಡದು. ಇನ್ನು ನೆರೆಹೊರೆಯ ಪ್ರಭಾವ ಬೇರೆ. 1995ರಲ್ಲಿ ಎಡ್ವರ್ಡ್ ಅಡೆಲ್ಸನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಚದುರಂಗದ ಮಣೆಯ ಚಿತ್ರ ಮಾಡಿದರು. ನೆರಳಿನಲ್ಲಿರುವ ‘ಬಿಳಿ’ ಮನೆಯೂ ಬೆಳಕಿನಲ್ಲಿರುವ ‘ಕಪ್ಪು’ ಮನೆಯೂ ಅಲ್ಲಿ ಒಂದೇ ಬೂದಿ. ಗೊತ್ತಿದ್ದೂ ಕಣ್ಣು ಒಪ್ಪುವುದಿಲ್ಲ!

ನಮ್ಮ ತೊಳೆಗೆ ಬರೋಣ. ಬಣ್ಣ ಬದಲಿಸಬೇಡಿ, ಎಲೆಯನ್ನು ಕಪ್ಪಾಗಿಸಿ: 30, 90, 30. ಅದರ ಹೊಳಪು 65ಕ್ಕೆ ಇಳಿಯುತ್ತದೆ. 119ರ ತೊಳೆ ಮೇಲೆದ್ದು ಬರುತ್ತದೆ. ಇದು ಬರೀ ಅಂದದ ಪ್ರಶ್ನೆಯಲ್ಲ. ಕೆಂಪು ಹಸಿರಿನ ಭೇದ ಸರಿಯಾಗಿ ತಿಳಿಯದವರು ಗಂಡಸರಲ್ಲಿ ನೂರಕ್ಕೆ ಕೆಲವರಾದರೂ ಇರುತ್ತಾರೆ. ಎಷ್ಟೋ ಮಂದಿಗೆ ತಮಗೆ ಹಾಗಿರುವುದೇ ಗೊತ್ತಿರುವುದಿಲ್ಲ. ಕೃಷಿ ಕಾರ್ಯಕ್ರಮದಲ್ಲಿ ಹಸಿರು ಎಲೆಯ ಮೇಲೆ ರೋಗದ ಕೆಂಪು ಚುಕ್ಕೆ ತೋರಿಸಿ ‘ಇಲ್ಲಿ ನೋಡಿ’ ಎನ್ನುತ್ತೇವೆ. ಎರಡರ ಹೊಳಪೂ ಒಂದೇ ಆದರೆ ಅಂಥ ರೈತರಿಗೆ ಆ ಚುಕ್ಕೆ ಇದ್ದೂ ಇಲ್ಲದಂತೆ. ಚಿತ್ರ ಮುಗಿಸುವ ಮೊದಲು ಅದರ ಬಣ್ಣವನ್ನೆಲ್ಲ ಒಮ್ಮೆ ತೆಗೆದು ನೋಡಿ. ಈಗ ಫೋನಿನಲ್ಲೇ ಆ ಸೌಲಭ್ಯವಿದೆ, ಒಂದು ನಿಮಿಷದ ಕೆಲಸ.